ಬೀಗರ ಅಂಗಳಕ್ಕೆ ಹೋದ ಕಾರು

ಹತ್ತಿಮತ್ತೂರಿನ ಹತ್ತಿ ವ್ಯಾಪಾರಿ ಕುಬೇರಪ್ಪನಿಗೆ ಮೂರು ವರ್ಷದಿಂದ ಒಂದೇ ಕನಸು. ಸವಣೂರಿನ ಅಲ್ಲಾಭಕ್ಷನ ಚಹಾದಂಗಡಿಯ ಮುಂದೆ ಒಂದು ಕಾರು ಮೆಲ್ಲಗೆ ಬಂದು ನಿಲ್ಲುತ್ತದೆ. ಹಿಂದಿನ ಸೀಟಿನಲ್ಲಿ ಕುಬೇರಪ್ಪ ಒಬ್ಬನೇ, ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದಾನೆ. ಬೆಂಚಿನ ಮೇಲಿದ್ದವರೆಲ್ಲ ಎದ್ದು ನಿಂತು, "ಬರ್ರಿ ಸಾವಕಾರ್ರ" ಎನ್ನುತ್ತಾರೆ. ಹತ್ತಿ ತೂಗುವಾಗ ಈ ಕನಸು ಕವಿದು ತಕ್ಕಡಿ ಎಷ್ಟೋ ಸಲ ರೈತರ ಕಡೆಗೇ ವಾಲಿತ್ತು.

ಇದಕ್ಕೆಲ್ಲ ಕಾರಣ ಹಾನಗಲ್ಲಿನ ಬೀಗ ಗುದ್ಲೆಪ್ಪ. ಮಗಳು ಮಂಜವ್ವನನ್ನು ನೋಡಲು ಎತ್ತಿನ ಗಾಡಿಯಲ್ಲಿ ಹೋದಾಗಲೆಲ್ಲ ಅವನು ಕಟ್ಟೆಯಿಂದ ಏಳದೆಯೇ, "ಬರ್ರಿ, ಹತ್ತಿಮತ್ತೂರ ಧೂಳೆಲ್ಲಾ ತಂದ್ರೇನು?" ಎಂದು ನಗುತ್ತಿದ್ದ. ಬಾಗಿಲ ಮರೆಯಲ್ಲಿ ಮಗಳ ಮುಖ ಸಣ್ಣದಾಗುತ್ತಿತ್ತು. ಅದನ್ನು ನೋಡುವುದು ಕುಬೇರಪ್ಪನಿಂದ ಆಗುತ್ತಿರಲಿಲ್ಲ.

೧೯೫೯ರ ದೀಪಾವಳಿ ಮುಗಿದ ವಾರ ಅವನು ಕೊಂಡ ಬೂದು ಬಣ್ಣದ ಹಳೆಯ ಕಾರೊಂದು ಮನೆಗೆ ಬಂತು, ಜೊತೆಗೆ ಡ್ರೈವರ್ ಫಕ್ರುಸಾಬ.

"ಒಂದ ಮಾತ್ರೀ ಸಾವಕಾರ್ರ," ಎಂದ ಫಕ್ರುಸಾಬ. "ಇದು ನಿಂತ್ರ ದೂಡಬೇಕು. ಚಾಲೂ ಆತಂದ್ರ ಊರು ಮುಟ್ಟೂತನಕ ನಿಂದ್ರಸಬಾರ್ದು."

ಸೋಮವಾರ ಬೆಳಿಗ್ಗೆ ಕುಬೇರಪ್ಪ ಹಾನಗಲ್ಲಿಗೆಂದು ಇಸ್ತ್ರಿ ಮಾಡಿದ ಕೋಟು ತೊಟ್ಟು ಹೊರಬಂದಾಗ ಮುಂದಿನ ಸೀಟಿನಲ್ಲಿ ಮನೆಯ ಹಿರಿಯ ಚನ್ನವೀರಪ್ಪ ಕಾಕಾ ರುಮಾಲು ಸುತ್ತಿ ಕುಳಿತಾಗಿತ್ತು.

"ಬೀಗರ ಮನಿಗೆ ಹಿರ್ಯಾರಿಲ್ದ ಹೋಗ್ತಾರೇನೋ, ಹುಚ್ಚಪ್ಯಾಲಿ?"

ಹಿಂದಿನ ಸೀಟಿನಲ್ಲಿ ಓಣಿಯ ನಾಲ್ವರು ಹೆಂಗಸರು, ಅವರ ತೊಡೆಯ ಮೇಲೆ ಕರ್ಚಿಕಾಯಿ ಬುಟ್ಟಿಗಳು. ಕುಬೇರಪ್ಪನಿಗೆ ಉಳಿದದ್ದು ಬಾಗಿಲ ಕೆಳಗಿನ ಮೆಟ್ಟಿಲು. ಅಲ್ಲೇ ಜೋತುಬಿದ್ದು, ಬರುವಾಗ ಒಳಗೆ ಕೂರುತ್ತೇನೆಂದು ಕನಸು ಕಾಣುತ್ತ ಹೊರಟ.

ಬಂಕಾಪುರ ದಾಟಿದ ಮೇಲಿನ ಏರಿನ ತುದಿಯಲ್ಲಿ ಕಾರು ನಿಂತಿತು. ಹಿರಿಯರು ಇಳಿಯುವಂತಿಲ್ಲ, ಹೆಂಗಸರು ದೂಡುವಂತಿಲ್ಲ. ಕುಬೇರಪ್ಪ ಕೋಟು ಬಿಚ್ಚದೆ ದೂಡಿದ. ಕಾರು ಕೆಮ್ಮಿ, ಹೊಗೆ ಬಿಟ್ಟು ಓಡಿಯೇಬಿಟ್ಟಿತು.

"ಕಾಕಾ, ನಿಂದ್ರಸ್ರಿ!" ಎಂದು ಎರಡೂ ಕೈ ಬೀಸಿದ. ಕಾಕಾ ಕಿಟಕಿಯಿಂದ ಪ್ರೀತಿಯಿಂದ ಕೈ ಬೀಸಿದ.

ಮೆಣಸಿನಕಾಯಿ ಚೀಲಗಳ ಗಾಡಿಯೊಂದು ಅವನನ್ನು ಹತ್ತಿಸಿಕೊಂಡಿತು. ಸೀನುತ್ತ, ಧೂಳು ಬಡಿದ ಕೋಟಿನಲ್ಲಿ ಮಧ್ಯಾಹ್ನ ಹಾನಗಲ್ಲಿಗೆ ಬಂದಿಳಿದಾಗ ಗುದ್ಲೆಪ್ಪನ ಅಂಗಳದಲ್ಲಿ ಜನವೋ ಜನ. ಕಾರಿಗೆ ಚೆಂಡುಹೂವಿನ ಮಾಲೆ, ಕಾಕಾನಿಗೂ ಅದೇ ಮಾಲೆ. ಅತ್ತೆಯ ಪಕ್ಕದಲ್ಲೇ ಕಂಬಳಿಯ ಮೇಲೆ ಕುಳಿತು ಮಂಜವ್ವ ಬಾಯಿ ತುಂಬ ನಗುತ್ತಿದ್ದಳು.

ಗುದ್ಲೆಪ್ಪ ಕಟ್ಟೆ ಇಳಿದು ಬಂದ. ಕುಬೇರಪ್ಪನ ಎರಡೂ ಕೈ ಹಿಡಿದ. "ಬರ್ರಿ ಬೀಗರ! ದೀಪಾವಳಿಗೆ ಮಗಳಿಗೆ ಕಾರು ಕೊಟ್ಟ ತವರು ನಾ ಎಲ್ಲೂ ಕಂಡಿಲ್ಲ ನೋಡ್ರಿ!"

ಕುಬೇರಪ್ಪ ಕಾಕಾನನ್ನು ಮೂಲೆಗೆ ಎಳೆದ. "ಏನ್ ಮಾಡಿದ್ರಿ?"

"ಆರತಿ ಎತ್ತಿದ್ರೋ," ಎಂದು ಕಾಕಾ ಮಾಲೆ ಸರಿಪಡಿಸಿಕೊಂಡ. "ಬೀಗತಿ ಗಾಲಿಗೆ ನೀರು ನೀಡಿ, 'ತವರಿನ ಉಡುಗೊರಿ ಮನಿ ತುಂಬಿತು' ಅಂದ್ಲು. ಅಷ್ಟು ಮಂದಿ ಮುಂದ ಅಲ್ಲ ಅಂತ ಹ್ಯಾಂಗ ಅನ್ಲಿ? ಹೂಂ ಅಂದೆ."

ಆರತಿ ಎತ್ತಿ ಮಗಳ ಮನೆ ತುಂಬಿಸಿಕೊಂಡ ಉಡುಗೊರೆ ತಿರುಗಿ ಬರುವ ಪದ್ಧತಿ ಇಲ್ಲ. ಹಿರಿಯರ ಹೂಂ ಅನ್ನು ಕಿರಿಯರು ಉಹೂಂ ಮಾಡುವ ಪದ್ಧತಿಯೂ ಇಲ್ಲ. ಕಾರು ತನ್ನದೆಂದು ಹೇಳಲು ಕುಬೇರಪ್ಪ ಬಾಯಿ ತೆರೆದ. ಆದರೆ ಮಗಳ ನಗುಮುಖ ನೋಡಿ, ಕೋಟಿನ ಧೂಳು ಕೊಡವಿಕೊಂಡ.

ಕಾಕಾ ಮತ್ತು ಹೆಂಗಸರು ಹೋಳಿಗೆಗೆಂದು ಉಳಿದುಕೊಂಡರು. ಬೆಳಗಾದರೆ ಅಂಗಡಿ ತೆರೆಯಬೇಕೆಂದು ಕುಬೇರಪ್ಪ ಎದ್ದಾಗ ಗುದ್ಲೆಪ್ಪ, "ಗಾಡಿ ಯಾಕ? ನಮ್ಮ ಕಾರಿನ್ಯಾಗ ಹೋಗ್ರಿ, ಫಕ್ರುಸಾಬ ಬಿಟ್ಟು ಬರ್ತಾನ," ಎಂದ.

ಅಂತೂ ಹಿಂದಿನ ಸೀಟಿನಲ್ಲಿ ಕುಬೇರಪ್ಪ ಒಬ್ಬನೇ. ಕಾಲ ಮೇಲೆ ಕಾಲು ಹಾಕಿದ. ಸಂಜೆಯ ಬಿಸಿಲಲ್ಲಿ ಹೊಲಗಳು ನಿದ್ದೆಗಣ್ಣಿನಲ್ಲಿ ಕಂಡಂತೆ ಹಿಂದೆ ಸರಿದವು. ಕಣ್ಣು ಮುಚ್ಚಿ ತೆರೆದಾಗ ಸವಣೂರು. ಕಾರು ತಾನಾಗಿಯೇ ಮೆಲ್ಲಗಾಗಿ, ಸರಿಯಾಗಿ ಚಹಾದಂಗಡಿಯ ಮುಂದೆಯೇ ನಿಂತಿತು.

ಬೆಂಚಿನ ಮೇಲಿದ್ದವರೆಲ್ಲ ಎದ್ದು ನಿಂತರು.

"ಬರ್ರಿ ಸಾವಕಾರ್ರ!" ಎಂದ ಅಲ್ಲಾಭಕ್ಷ. "ಕಾರು ಭಾರಿ ಐತ್ರಿ. ನಿಮ್ಮದೇನ್ರಿ?"

ಕುಬೇರಪ್ಪ ಮೇಲಿಟ್ಟ ಕಾಲು ಕೆಳಗಿಳಿಸಿದ. "ಅಲ್ಲಪಾ. ನಮ್ಮ ಬೀಗರದು."

ಎದ್ದವರೆಲ್ಲ ಮತ್ತೆ ಕುಳಿತರು. ಕುಬೇರಪ್ಪ ಒಬ್ಬನೇ ದೂಡಲು ಇಳಿದ.