ಆರು ತಂತಿಯವನನ್ನು ನಾಲ್ಕಕ್ಕಿಳಿಸಿದ ಬೇಸ್ ಗಿಟಾರ್ ಮಹಾಶಯರಿಗೆ

ಮಾನ್ಯರೇ,

ಲಫಯೆಟ್ ಊರಿನ ಕುಣಿತದ ಮನೆಗಳ ನೆಲವನ್ನೆಲ್ಲ ನಡುಗಿಸಿಯೂ ಯಾರ ಕಣ್ಣಿಗೂ ಬೀಳದ ತಮಗೆ, ಅರ್ಧ ಆಯುಷ್ಯ ಗಿಟಾರ್ ನುಡಿಸಿ, ಬಂದ ಒಂದು ಚಪ್ಪಾಳೆಯನ್ನೂ ಬೇಡವೆನ್ನದ ಲೂಷನ್ ಗಿಡ್ರಿಯ ಶಿರಸಾ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ. ತಮ್ಮನ್ನು ಹೊತ್ತ ನನ್ನ ಎಡಭುಜದ ಬಗ್ಗೆ ಹಾಗೆ ಹೇಳಲಾರೆ.

ನಮ್ಮ ತಂಡದ ಬೇಸ್ ವಾದಕ ಮದುವೆಯಾಗಿ ಟೆಕ್ಸಸ್ಸಿಗೆ ಹೊರಟುಹೋದಾಗ, ಡ್ರಮ್ ಬಾರಿಸುವ ತಂಡದ ಯಜಮಾನಿ ಅರ್ಲೀನ್, ಇದ್ದ ಇಬ್ಬರು ಗಿಟಾರಿನವರಲ್ಲಿ ಒಬ್ಬ ತನ್ನ ಗಂಡನೇ ಆದ್ದರಿಂದ, ಗೃಹಶಾಂತಿಯನ್ನು ಬಯಸಿ ತಮ್ಮನ್ನು ನನ್ನ ಕೊರಳಿಗೆ ಕಟ್ಟಿದಳು. “ಇಷ್ಟು ದಿನ ಜನ ನಿನ್ನ ಕಿವೀಲಿ ಕೇಳಿದ್ರು ಕಣೋ, ಇನ್ಮೇಲೆ ಕಾಲಲ್ಲಿ ಕೇಳ್ಲಿ,” ಎಂದಳು. ಎರಡು ತಂತಿ ಕಡಿಮೆಯಾದರೆ ಕೆಲಸವೂ ಅಷ್ಟು ಕಡಿಮೆ ಎಂದುಕೊಂಡದ್ದು ತಮ್ಮ ಮಹಿಮೆಯರಿಯದ ನನ್ನ ಮೂಢತನ.

ಮೊದಲ ಶನಿವಾರವೇ ನಾನು ನನ್ನ ವಿದ್ವತ್ತನ್ನೆಲ್ಲ ತಮ್ಮ ಮೇಲೆ ಸುರಿದೆ. ವಾಲ್ಟ್ಸ್ ಕುಣಿಯುತ್ತಿದ್ದ ಜೋಡಿಗಳು ಒಬ್ಬರ ಕಾಲನ್ನೊಬ್ಬರು ತುಳಿದವು. ಸೊಂಟದ ಕೀಲು ಹೊಸದಾಗಿ ಹಾಕಿಸಿಕೊಂಡಿದ್ದ ಮುದುಕ ಆಲ್ಸೀಡ್, ಹೆಂಡತಿ ವರ್ನಾಳ ಕೈ ಹಿಡಿದೇ ನಡುವೆ ನಿಂತು, “ಏನಪ್ಪಾ ಗಿಡ್ರಿ, ನಾವು ಕುಣೀಬೇಕೋ, ನಿನ್ನ ಬೆರಳು ನೋಡ್ಕೊಂಡು ನಿಂತ್ಕೋಬೇಕೋ?” ಎಂದು ಕೂಗಿದ; ಮನೆಯೆಲ್ಲ ನಕ್ಕಿತು. ವಿರಾಮದಲ್ಲಿ ಗಂಬೊ ಸಾರು ಸುರಿಯುತ್ತಾ ಅರ್ಲೀನ್, “ಡ್ರಮ್ಮಿನ ಪೆಡಲ್ ಮೇಲಿರೋ ನನ್ನ ಬಲಗಾಲು ನೋಡು. ತುಳಿದ್ರೆ ಬಾರ್ಸು, ತುಳೀದಿದ್ರೆ ಸುಮ್ನಿರು. ಇನ್ನೊಂದ್ಸಲ ಹೀಗೇ ಆದ್ರೆ ಬೇರೆಯವರನ್ನ ಹುಡುಕ್ತೀನಿ,” ಎಂದಳು.

ಅಂದಿನಿಂದ, ಮಾನ್ಯರೇ, ಗಂಡ ಪಕ್ಕದಲ್ಲೇ ಗಿಟಾರ್ ಹಿಡಿದು ನಿಂತಿರುವಾಗ ಅನ್ಯಳ ಪಾದವನ್ನೇ ದಿಟ್ಟಿಸುವ ಸೌಭಾಗ್ಯವನ್ನು ತಾವು ನನಗೆ ಕರುಣಿಸಿದ್ದೀರಿ.

ಆಲ್ಸೀಡ್ ದಂಪತಿಯ ಮದುವೆಯ ಸುವರ್ಣೋತ್ಸವದಂದು ಅವರಿಬ್ಬರೇ ಕುಣಿಯುತ್ತಿದ್ದಾಗ ನಮ್ಮ ತಂಡದ ಹ್ಯೂಯಿಯ ಅಕಾರ್ಡಿಯನ್ನಿನ ಹೆಗಲಪಟ್ಟಿ ಹರಿದು ವಾದ್ಯ ಅವನ ಮಂಡಿಯ ಮೇಲೆ ಬಿತ್ತು. ಆ ಗಾಬರಿಗೆ ಅರ್ಲೀನಳ ಗಂಡನ ಗಿಟಾರೂ ನಿಂತಿತು. ಉಳಿದದ್ದು ಆ ಕಾಲು ಮತ್ತು ನಾವು. ಈಗ ಬಿಟ್ಟರೆ, ರೆಪ್ಪೆ ಮುಚ್ಚಿ ಕುಣಿಯುತ್ತಿರುವ ವರ್ನಾ ಕಣ್ಣು ತೆರೆಯುತ್ತಾಳೆ ಎಂದು ನನಗೆ ಗೊತ್ತಿತ್ತು. ಇದ್ದಬದ್ದ ಕಸರತ್ತೆಲ್ಲ ಬೆರಳ ತುದಿಗೆ ಬಂದು ತುರಿಸಿದರೂ ಎರಡೇ ಸ್ವರ ಹಿಡಿದು ನಡೆದೆ. ಆಕೆ ಗಂಡನ ಹೆಗಲಿಗೆ ತಲೆಯಾನಿಸಿ ಸುತ್ತುತ್ತಲೇ ಇದ್ದಳು. ಇಡೀ ಮನೆ ನನ್ನ ಹೆಬ್ಬೆರಳ ಮೇಲೆ ತಿರುಗುತ್ತಿದೆಯೆಂದು ತಿಳಿದು ನನಗೇ ತಲೆ ಗಿರ್ರೆಂದಿತು. ಯಾರದೋ ಬೆಲ್ಟು ಬಿಗಿದುಕೊಂಡು ಅಕಾರ್ಡಿಯನ್ ಮರಳಿದ್ದೂ ಕುಣಿಯುವವರಿಗೆ ತಿಳಿಯಲಿಲ್ಲ.

ಕೊನೆಗೆ ಒದ್ದೆಗಣ್ಣಿನ ಆಲ್ಸೀಡ್ ಬಂದು ಹ್ಯೂಯಿಯನ್ನು ತಬ್ಬಿ, “ಒಂದು ಕ್ಷಣಾನೂ ನಿಲ್ಲಿಸ್ಲಿಲ್ಲ ನೋಡು ನೀನು!” ಎಂದ. ನನ್ನ ಕೈಗೆ ಕೇಕು ತಿಂದ ತಟ್ಟೆ ಕೊಟ್ಟುಹೋದ.

ಆದಕಾರಣ, ವರ್ಷಕ್ಕೊಂದು ಚಪ್ಪಾಳೆಯನ್ನಾದರೂ ನಮ್ಮ ಹೆಸರಿಗೆ ಮಂಜೂರು ಮಾಡಿಸಬೇಕೆಂದೂ, ಆಗದಿದ್ದರೆ ಮುಂದಿನ ತಟ್ಟೆಯಲ್ಲಿ ಕೇಕು ಉಳಿದಿರುವಂತೆ ನೋಡಿಕೊಳ್ಳಬೇಕೆಂದೂ ಪ್ರಾರ್ಥಿಸುವ,

ಬೇರೆ ದಾರಿಯಿಲ್ಲದೆ ತಮ್ಮ ವಿಶ್ವಾಸಿ,
ಲೂಷನ್ ಗಿಡ್ರಿ

ವಿ.ಸೂ.: ಅರ್ಲೀನಳ ಗಂಡ ಈಗ ಗಿಟಾರ್ ಬಿಟ್ಟು ಮೀನಿನ ಗಾಳ ಹಿಡಿದು ಕೂತಿದ್ದಾನೆ. “ಗಿಟಾರಿಗೆ ವಾಪಸ್ ಬರ್ತೀಯೇನೋ?” ಎಂದು ಅವಳು ಕೇಳಿದಳು. ಬೇಡವೆಂದೆ. ಕಾರಣವನ್ನು ತಮಗೆ ತಿಳಿಸುವುದಿಲ್ಲ. ಮೊದಲೇ ತಮ್ಮದು ಉದ್ದದ ಕತ್ತು, ಹೆಮ್ಮೆಯಿಂದ ಇನ್ನೂ ಎತ್ತಿಕೊಂಡರೆ ವ್ಯಾನಿನ ಬಾಗಿಲು ಹಾಕಲಾಗದು.