ಎಲೆಯ ಜೊತೆ ನಾನೂ ಮುಂಬೈ ದಾರಿ ಹಿಡಿದದ್ದು

ಮನೆಗೆ ಕೀಲಿ ಹಾಕಿ, ಜಗ್ಗಿ ನೋಡಿ, ಬಸ್ ಸ್ಟ್ಯಾಂಡಿನ ತನಕ ಹೋಗಿ, ಮತ್ತೆ ತಿರುಗಿ ಬಂದು ಇನ್ನೊಮ್ಮೆ ಜಗ್ಗಿ ನೋಡುವ ಮನುಷ್ಯ ಸವಣೂರಿನಲ್ಲಿ ಯಾರಾದರೂ ಇದ್ದರೆ ಅದು ನಾನು. ಇಷ್ಟು ಹುಷಾರಾದವನಿಂದ ತಪ್ಪಾಗುವುದಾದರೂ ಹೇಗೆ? ನನ್ನ ನಂಬಿಕೆಯೂ ಅದೇ ಆಗಿತ್ತು.

ನಮ್ಮದು ವೀಳ್ಯದೆಲೆಯ ತೋಟ. ನಮ್ಮ ಎಲೆ ಇಲ್ಲಿ ಲಾರಿ ಹತ್ತುವಾಗ ಮದುವೆಗೆ ಹೊರಟಂತೆ ಇರುತ್ತದೆ. ಮುಂಬೈಯಲ್ಲಿ ಇಳಿಯುವಾಗ ಮಣ್ಣಿಗೆ ಹೋಗಿ ಬಂದಂತೆ ಇರುತ್ತದೆ. ಈ ಮಳೆಗಾಲದಲ್ಲಿ ಅಲ್ಲಿನ ವ್ಯಾಪಾರಿ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿಬಿಟ್ಟ: "ಇನ್ನೊಂದು ಸಲ ಕೊಳೆತ ಎಲೆ ಬಂದರೆ ಸವಣೂರಿನ ಎಲೆಯೇ ಬೇಡ." ನಮ್ಮ ಓಣಿಯ ಎಲ್ಲ ತೋಟದ ಎಲೆಯೂ ಅವನಿಗೇ ಹೋಗುವುದು. ಓಣಿಗೆ ಓಣಿಯೇ ಕಂಗಾಲಾಯಿತು.

ಪರಿಹಾರ ನನ್ನ ಬಳಿ ಇತ್ತು. ಥರ್ಮಾಕೋಲ್ ಪೆಟ್ಟಿಗೆ! ಮೀನು, ಔಷಧಿ, ಐಸ್‌ಕ್ರೀಮು ಎಲ್ಲವೂ ಅದರಲ್ಲಿ ದೇಶ ಸುತ್ತುವಾಗ ಎಲೆ ಯಾಕೆ ಸುತ್ತಬಾರದು?

"ಮೀನ ಸತ್ತಿರತಾವ್ರಿ," ಎಂದಳು ನನ್ನ ಹೆಂಡತಿ ಗಿರಿಜಾ. "ಎಲಿ ಜೀವಂತ ಇರತೈತಿ. ಅದಕ್ಕ ಉಸರಾಡಾಕ ಬ್ಯಾಡೇನು? ಬುಟ್ಟಿಗೆ ಒಳಗ ಹಸಿ ಬಾಳಿ ಎಲಿ ಹಾಸಿ, ಹೊರಗ ಗೋಣಿ ಬಿಗದು ಕಳಸರಿ."

"ಇಷ್ಟು ದಿನಾ ಬುಟ್ಟ್ಯಾಗ ಕಳಿಸಿದ್ದ ಕೊಳತಿಲ್ಲೇನು?"

"ನೀವು ಹಾಸೂದು ಪ್ಲಾಸ್ಟಿಕ್ ಹಾಳಿ. ನಾ ಹೇಳಾಕತ್ತಿದ್ದು ಬಾಳಿ ಎಲಿ."

ಪಕ್ಕದ ತೋಟದ ಖಾದರಸಾಬರು ನ್ಯಾಯ ಹೇಳಲು ಬಂದರು. ಇಬ್ಬರ ಮಾತನ್ನೂ ಕೇಳಿ ಗಡ್ಡ ಸವರಿ, "ನೋಡ್ರಿ, ಗಂಡಾ ಹೆಂಡತಿ ನಡುವ ತೀರ್ಪು ಹೇಳಿದಾಂವ ಉಳದಿಲ್ಲ. ತಡಸದ ಕಡೆ ಯುನಿವರ್ಸಿಟಿಯವರದು ಏನೋ ಸಾರಿಗೆ ಸಂಶೋಧನೆ ಸಂಸ್ಥೆ ಐತಂತ. ಸಾಮಾನು ದಾರ್‍ಯಾಗ ಹೆಂಗ ಕೆಡತಾವು ಅಂತ ಅಲ್ಲಿ ಪರೀಕ್ಷಾ ಮಾಡತಾರಂತ. ಅವರs ಹೇಳಲಿ," ಎಂದರು. ಮರುದಿನವೇ ಮುಂಬೈಗೆ ಲೋಡು ಹೋಗಬೇಕಿತ್ತು. ಅಲ್ಲಿ ಯಾವುದು ಗೆಲ್ಲುತ್ತದೋ ಓಣಿಯವರೆಲ್ಲ ಅದರಲ್ಲೇ ಎಲೆ ತುಂಬುವುದೆಂದು ನಿಶ್ಚಯವಾಯಿತು.

ಹೀಗೆ ನಾನು ನನ್ನ ಪೆಟ್ಟಿಗೆಗಳನ್ನೂ ಗಿರಿಜಾಳ ಒಂದೇ ಒಂದು ಬುಟ್ಟಿಯನ್ನೂ ಹೇರಿಕೊಂಡು ವಿಜ್ಞಾನದ ಬಾಗಿಲಿಗೆ ಹೋದೆ.

ಹೆದ್ದಾರಿಯಿಂದ ಸ್ವಲ್ಪ ಒಳಗಿತ್ತು ಆ ಸಂಸ್ಥೆ. ನಡು ಮಧ್ಯಾಹ್ನ, ಆದರೂ ಒಂದು ನರಪಿಳ್ಳೆ ಇಲ್ಲ. ಉದ್ದನೆಯ ಪಡಸಾಲೆಯಲ್ಲಿ ನನ್ನ ಹೆಜ್ಜೆಯ ಸಪ್ಪಳವೇ ನನ್ನ ಹಿಂದೆ ಬರುತ್ತಿತ್ತು. ಒಂದು ಕೋಣೆಯಲ್ಲಿ ಬಸ್ಸಿನ ಸೀಟುಗಳಿದ್ದವು, ಬಸ್ಸಿರಲಿಲ್ಲ. ಇನ್ನೊಂದರಲ್ಲಿ ಒಂದೇ ಒಂದು ಗಾಲಿ, ಯಾರೂ ಮುಟ್ಟದೆ, ತನ್ನಷ್ಟಕ್ಕೆ ತಾನೇ ತಿರುಗುತ್ತಿತ್ತು.

ಕೊನೆಯಲ್ಲಿ ಸುಜಾತಾ ಮೇಡಮ್ ಸಿಕ್ಕರು. ಸಂಶೋಧನೆ ಅವರದೇ. ಬ್ಯಾಂಕಿನ ಖಜಾನೆಯಂಥ ದಪ್ಪ ಬಾಗಿಲಿನ ಒಂದು ಕೋಣೆ ತೋರಿಸಿದರು. ಅದರೊಳಗೆ ಬಿಸಿಲು, ಚಳಿ, ಮಂಜು ಏನು ಬೇಕಾದರೂ ತರಿಸಬಹುದಂತೆ. ನೆಲವೇ ಅಲುಗಾಡುವ ಕಬ್ಬಿಣದ ಹಾಸು.

"ಸವಣೂರಿಂದ ಮುಂಬೈಗೆ ಹೋಗೋ ಲಾರಿಯೊಳಗ ನಮ್ಮ ಯಂತ್ರ ಇಟ್ಟು, ದಾರಿ ಪೂರಾ ಕುಲುಕಾಟಾ ಹಿಡಕೊಂಡು ಬಂದೇವ್ರಿ," ಎಂದರು. "ಅದನ್ನ ಮೊಟಕು ಮಾಡಿ, ಎರಡು ತಾಸಿನ್ಯಾಗ ಮುಗಿಯೋ ಹಂಗ ಇಲ್ಲಿ ಹಚ್ಚತೇವಿ. ಲಾರಿ ಇಲ್ಲ, ಡ್ರೈವರ್ ಇಲ್ಲ. ದಾರಿ ಅಷ್ಟs ಇರತೈತಿ."

ಲಾರಿಯಿಲ್ಲದ ದಾರಿ!

ಯಂತ್ರ ನಡೆಸುವ ಕಲ್ಲಪ್ಪನವರು, ಯಂತ್ರಕ್ಕೆ ಅಡ್ಡಿಯಾಗುತ್ತದೆಂದು ನನ್ನ ಫೋನು ಇಸಿದುಕೊಂಡು ಮೇಜಿನ ಖಾನೆಯಲ್ಲಿಟ್ಟರು. ಆಮೇಲೆ ಬಾಗಿಲ ಪಕ್ಕದ ಕಟ್ಟಿಗೆಯ ಗೂಡನ್ನು ತೋರಿಸಿದರು. ಅದರಲ್ಲಿ ಸಾಲಾಗಿ ಬಿಳಿ ಬೂಟುಗಳು. "ಒಳಗ ಹೋಗಾವ್ರು ಇವನ್ನ ಹಾಕ್ಕೋಬೇಕ್ರಿ. ಗೂಡು ತುಂಬಿತ್ತಂದ್ರ ಒಳಗ ಯಾರೂ ಇಲ್ಲಂತ ಲೆಕ್ಕ. ಯಂತ್ರದ ಕೋಣ್ಯಾಗಿಂದನ ಬಾಗಿಲಾ ಹಾಕಿ ಚಾಲೂ ಮಾಡತೇವಿ."

ಬೂಟು ಹಾಕಿ ಇಬ್ಬರೂ ಸರಕನ್ನು ಒಳಗಿಟ್ಟೆವು, ಹೊರಗೆ ಬಂದೆವು, ಬೂಟು ತೆಗೆದಿಟ್ಟೆವು. ಕಲ್ಲಪ್ಪನವರು ಯಂತ್ರದ ಕೋಣೆಯ ಕಡೆಗೆ ನಡೆದರು.

ಆಗ ಶುರುವಾಯಿತು ನನ್ನ ರೋಗ. ಕೊನೆಯ ಪೆಟ್ಟಿಗೆಗೆ ಟೇಪು ಹಚ್ಚಿದೆನೋ ಇಲ್ಲವೋ? ಹಚ್ಚಿದ್ದೆ. ಹಚ್ಚಿದ್ದು ಗಟ್ಟಿ ಕೂತಿದೆಯೋ? ಬಾಗಿಲು ಇನ್ನೂ ತೆರೆದೇ ಇತ್ತು. ಒಂದೇ ನಿಮಿಷದ ಕೆಲಸ.

ಇಲ್ಲಿ ಒಂದು ಮಾತು ಹೇಳಬೇಕು. ಎಲೆತೋಟದೊಳಗೆ ನಾವು ಕಾಲಲ್ಲಿ ಏನೂ ಹಾಕಿಕೊಂಡು ಹೋಗುವುದಿಲ್ಲ. ಬಳ್ಳಿ ಎಂದರೆ ನಮಗೆ ಲಕ್ಷ್ಮಿ. ಮೊದಲ ಸಲ ಬೂಟು ಹಾಕಿ ಎಲೆಯ ಹತ್ತಿರ ಹೋದದ್ದೇ ಮನಸ್ಸಿಗೆ ಚುಚ್ಚುತ್ತಿತ್ತು. ಈಗ ನೋಡುವವರು ಯಾರೂ ಇರಲಿಲ್ಲ. ಬರಿಗಾಲಲ್ಲಿ ಒಳಗೆ ಹೆಜ್ಜೆಯಿಟ್ಟೆ. ನನ್ನ ಚಪ್ಪಲಿಯನ್ನಾದರೂ ಹೊರಗೆ ಬಿಟ್ಟೆನೇ? ಇಲ್ಲ! ಗುಡಿಗೆ ಹೋದರೂ ಚಪ್ಪಲಿ ಕಳುವಾದೀತೆಂದು ಚೀಲದಲ್ಲಿಟ್ಟು ಬಗಲಿಗೆ ಹಾಕಿಕೊಳ್ಳುವವನು ನಾನು. ಇಲ್ಲೂ ಹಾಗೆಯೇ ಮಾಡಿದೆ. ಹೊರಗೆ ನನ್ನದೆಂಬ ಒಂದು ಗುರುತೂ ಉಳಿಯದಂತೆ ಅಷ್ಟು ಹುಷಾರಾಗಿ ಮಾಯವಾದೆ.

ಪೆಟ್ಟಿಗೆಗಳ ಹಿಂದೆ ಬಗ್ಗಿ ಟೇಪು ಒತ್ತುತ್ತಿದ್ದೆ. ಬಾಗಿಲು ಧಪ್ ಎಂದಿತು. ಕಿವಿ ಮುಚ್ಚಿಕೊಂಡವು. ದೀಪ ಆರಿತು.

"ಕಲ್ಲಪ್ಪನವರs!" ಎಂದು ಕೂಗಿದೆ. ಗೋಡೆ ನನ್ನ ದನಿಯನ್ನು ನುಂಗಿಬಿಟ್ಟಿತು. ಎಲ್ಲಿಂದಲೋ ಒಂದು ಹೆಣ್ಣು ದನಿ ತಣ್ಣಗೆ, "ಪ್ರಯಾಣ ಪ್ರಾರಂಭ" ಎಂದಿತು.

ನೆಲ ಹೊರಟಿತು.

ಮೊದಲು ಮುಗ್ಗರಿಸಿ ಬಿದ್ದೆ. ಆಮೇಲೆ ಅದಕ್ಕಿಂತ ಭಯಂಕರವಾದದ್ದು ನಡೆಯಿತು: ದಾರಿಯ ಗುರುತು ಹತ್ತಿತು! ಈ ಜೋಡಿ ಕುಲುಕಾಟ ನಮ್ಮೂರು ದಾಟಿದ ಮೇಲಿನ ಎರಡು ಹಂಪು. ಈ ಎಡಕ್ಕೆ ವಾಲಿದ್ದು ಶಿಗ್ಗಾವಿಯ ತಿರುವು. ಜೀವಮಾನವೆಲ್ಲ ಈ ದಾರಿಯಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತ ಬೆನ್ನು ಸುಳ್ಳು ಹೇಳುವುದಿಲ್ಲ. ಮುಚ್ಚಿದ ಕತ್ತಲಕೋಣೆಯಲ್ಲಿ ಕೂತು, ಲಾರಿಯಿಲ್ಲದೆ, ನಾನು ನನ್ನೂರು ಬಿಟ್ಟು ಹೋಗುತ್ತಿದ್ದೆ. ನಡೆಸುವವರು ಯಾರು? ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಸೆಕೆ ಹುಟ್ಟಿತು. ಮಂಜು ಇಳಿಯಿತು. ಮೂಲೆಯಲ್ಲಿ ಏನೋ ದೊಡ್ಡದಾಗಿ ಉಸಿರು ಎಳೆದು ಬಿಡುತ್ತಿತ್ತು. ಗೋಡೆಯ ಮೇಲೆ ಒಂದು ಕೆಂಪು ಗುಂಡಿ ಒಂಟಿ ಕಣ್ಣಿನಂತೆ ಹೊಳೆಯುತ್ತಿತ್ತು. ಕೆಂಪಗೆ ಹೊಳೆಯುವುದನ್ನು ಮುಟ್ಟಬಾರದು ಎಂಬುದು ನನ್ನ ಬಾಳಿನ ಸಿದ್ಧಾಂತ. ಅದರಿಂದ ಆದಷ್ಟು ದೂರ ಸರಿದು ಕೂತೆ.

ಹುಬ್ಬಳ್ಳಿ ದಾಟಿದ ಮೇಲೆ ದಾರಿ ನನಗೆ ಗುರುತಿಲ್ಲದ್ದು. ಒಮ್ಮೆಲೇ ಎಲ್ಲ ನಿಂತಿತು. ಬಿಡುಗಡೆಯಾಯಿತೆಂದು ಎದ್ದೆ. ಬಾಗಿಲು ತೆರೆಯಲಿಲ್ಲ. ಆಗ ಹೊಳೆಯಿತು: ಡ್ರೈವರ್ ಚಹಾ ಕುಡಿಯಲು ಇಳಿದಿದ್ದಾನೆ! ಇಲ್ಲದ ಡ್ರೈವರ್, ಇಲ್ಲದ ಹೋಟೆಲಿನಲ್ಲಿ. ಅವನು ಬರುವುದನ್ನೇ ಕಾಯುತ್ತ, ಬಂದುಬಿಟ್ಟರೆ ಏನು ಗತಿ ಎಂದು ನಡುಗುತ್ತ ಕೂತೆ. ಬಂದ. ನೆಲ ಮತ್ತೆ ಹೊರಟಿತು.

ಘಟ್ಟದ ಚಳಿ ಶುರುವಾದಾಗ ಆ ಕೂಗು ಕೇಳಿತು. "ಕೀಂ... ಕೀಂಯ್..." ಯಾರೋ ಹಲ್ಲು ಕಚ್ಚಿ ಅಳುವಂತೆ, ನನ್ನ ಕಿವಿಯ ಪಕ್ಕದಲ್ಲೇ! ಕಣ್ಣು ಮುಚ್ಚಿ ಒದ್ದೆ. ಏನೋ ಲಟಕ್ ಎಂದು ಮುರಿದು ಮುಖದ ಮೇಲೆ ಹಸಿಹಸಿಯಾಗಿ ಬಿದ್ದಿತು. ಚೀರಿದೆ. ಆಮೇಲೆ ಮುಟ್ಟಿ ನೋಡಿದೆ. ಎಲೆ. ಅಳುತ್ತಿದ್ದದ್ದು ಒಂದಕ್ಕೊಂದು ತಿಕ್ಕುತ್ತಿದ್ದ ನನ್ನವೇ ಥರ್ಮಾಕೋಲ್ ಪೆಟ್ಟಿಗೆಗಳು!

ಗೊತ್ತಾದ ಮೇಲೂ ಅಳು ನಿಲ್ಲಲಿಲ್ಲ. ಅವುಗಳಿಂದ ತೆವಳುತ್ತ ದೂರ ಹೋದೆ. ಕೈಗೆ ಗಿರಿಜಾಳ ಬುಟ್ಟಿ ಸಿಕ್ಕಿತು. ಅದು ಮಾತ್ರ ಸಪ್ಪಳವಿಲ್ಲದೆ, ಅಲುಗದೆ ಕೂತಿತ್ತು. ಹೊರಗಿನ ಗೋಣಿ ಬಿಚ್ಚಿ ಹೊದ್ದುಕೊಂಡೆ. ಬುಟ್ಟಿಯನ್ನು ಎರಡೂ ಕೈಯಿಂದ ಅಪ್ಪಿ ಹಿಡಿದೆ. ಹೆದರಿಕೆಗೆ ಬಾಯಿ ಒಣಗಿತ್ತು. ಕಿಸೆಯಲ್ಲಿ ಅಡಿಕೆ ಸುಣ್ಣ ಇತ್ತು, ಎಲೆಗಂತೂ ಬರವಿರಲಿಲ್ಲ. ಒಂದರ ಮೇಲೊಂದು ಎಲೆಯಡಿಕೆ ಬಾಯಿಗೆ ಹಾಕಿದೆ.

ಹೊರಗೆ ಏನು ನಡೆಯಿತೆಂಬುದು ನನಗೆ ಆಮೇಲೆ ತಿಳಿಯಿತು. ಹಾಸಿನ ಮೇಲಿನ ಭಾರ ತಾನೇ ಎದ್ದು ಮೂಲೆಯಿಂದ ಮೂಲೆಗೆ ಹೋದದ್ದನ್ನು ಯಂತ್ರ ತೋರಿಸಿತಂತೆ. ಕತ್ತಲಲ್ಲೂ ಕಾಣುವ ಕ್ಯಾಮೆರಾದಲ್ಲಿ ಮಂಜಿನ ನಡುವೆ ಏನೋ ಗೂನುಬೆನ್ನಿನದು ಕೂತು ತೂಗಾಡುವುದು ಕಂಡಿತಂತೆ. ಕಲ್ಲಪ್ಪನವರು ಓಡಿ ಬಂದು ಗೂಡು ನೋಡಿ, "ಮೇಡಮ್, ಬೂಟ್ ಎಲ್ಲಾ ಇಲ್ಲೇ ಅದಾವ್ರಿ! ಒಳಗ ಇದ್ದದ್ದು ಮನಷ್ಯಾ ಅಲ್ರಿ!" ಎಂದರಂತೆ.

ಕಡೆಗೆ ಯಂತ್ರ ನಿಲ್ಲಿಸಿ ಬಾಗಿಲು ತೆರೆದವರು ಮೇಡಮ್. ಬಿಳಿ ಮಂಜಿನೊಳಗಿಂದ ಬರಿಗಾಲಲ್ಲಿ, ಗೋಣಿ ಹೊದ್ದು, ತಲೆ ತುಂಬ ಎಲೆ ಅಂಟಿಸಿಕೊಂಡು, ತುಟಿಯಿಂದ ಗಲ್ಲದ ತನಕ ಕೆಂಪು ಸುರಿಸಿಕೊಂಡು ನಾನು ಹೊರಗೆ ಬಂದೆ.

"ಎಪ್ಪೋ!" ಎಂದು ಕಲ್ಲಪ್ಪನವರು ಬೂಟಿನ ಗೂಡನ್ನು ಮೈಮೇಲೆ ಕೆಡವಿಕೊಂಡರು.

ನಾನು ಕೇಳಿದ ಮೊದಲ ಮಾತು, "ಮುಂಬೈ ಬಂತೇನ್ರಿ?"

ಮೇಡಮ್ ಗೋಡೆ ಹಿಡಿದು ನಿಂತರು. "ಕೆಂಪು ಗುಂಡಿ ಯಾಕ ಒತ್ತಲಿಲ್ರಿ? ಒಳಗ ಸಿಕ್ಕೊಂಡಾವ್ರು ಹೊರಗ ಬರಲಿ ಅಂತನ ಅದನ್ನ ಇಟ್ಟೇವಿ!"

"ಒತ್ತಿದ್ರ ಏನರೆ ಆದೀತು ಅಂತ ಅಂಜಿದೆ ಮೇಡಮ್."

"ಇದಕ್ಕಿಂತ ಇನ್ನೇನ ಆಗೋದಿತ್ರಿ?"

ಪರೀಕ್ಷೆ ಕೆಟ್ಟಿತ್ತು. ನಾನು ಪೆಟ್ಟಿಗೆ ಒಡೆದಿದ್ದೆ, ಬುಟ್ಟಿಯ ಗೋಣಿ ಬಿಚ್ಚಿದ್ದೆ, ಸರಕನ್ನು ತಿಂದಿದ್ದೆ. ಇದರ ಮೇಲೆ ಏನೂ ಹೇಳಲು ಬರುವುದಿಲ್ಲ, ಇನ್ನೊಮ್ಮೆ ಮಾಡಬೇಕು, ಆದರೆ ಮುಂದಿನ ವಾರದ ತನಕ ಕೋಣೆ ಖಾಲಿಯಿಲ್ಲ ಎಂದರು ಮೇಡಮ್. ಲೋಡು ನಾಳೆಯೇ ಹೋಗಬೇಕು! ಓಣಿಯವರ ಅನ್ನವನ್ನು ನಾನು ಟೇಪು ಒತ್ತಲು ಹೋಗಿ ಕಳೆದಿದ್ದೆ.

ಸಂಜೆ ನಮ್ಮ ಕಟ್ಟೆಯ ಮೇಲೆ ಓಣಿಯೇ ಕೂಡಿತ್ತು. ನಡೆದದ್ದನ್ನೆಲ್ಲ ಹೇಳಿ ತಲೆ ತಗ್ಗಿಸಿದೆ. ಖಾದರಸಾಬರು ಕೇಳಿದರು: "ಒಂದs ಹೇಳ್ರಿ. ಜೀವಾ ಹೋಗತೈತಿ ಅಂದಾಗ ಯಾವುದನ್ನ ಅಪಗೊಂಡ್ರಿ? ನಿಮ್ಮ ಪೆಟಿಗೀನ?"

"ಇಲ್ರಿ."

"ಮತ್ತ?"

ಗಿರಿಜಾಳ ಕಡೆಗೆ ನೋಡದೆ, "ಬುಟ್ಟೀನ," ಎಂದೆ.

"ಮುಗೀತಲ್ರಿ! ಪೆಟಿಗಿ ತಂದಾಂವಗs ಪೆಟಿಗಿ ಮ್ಯಾಲ ನಂಬಿಗಿ ಇಲ್ಲ. ಯುನಿವರ್ಸಿಟಿ ಇನ್ನೇನ ಹೇಳಬೇಕು? ಏಳ್ರಿ, ಬಾಳಿ ಎಲಿ ಕೊಯ್ಯೂಣು."

ಮೂರನೆಯ ದಿನ ಮುಂಬೈಯಿಂದ ಫೋನು ಬಂತು. ಎಲೆ ಹಸಿರಾಗಿಯೇ ಇಳಿದಿತ್ತು. ಮುಂದಿನ ಲೋಡು ಯಾವಾಗ ಎಂದು ವ್ಯಾಪಾರಿಯೇ ಕೇಳಿದ. ಓಣಿಯವರು ಗಿರಿಜಾಳಿಗೆ ಪೇಢೆ ಕೊಟ್ಟರು. ನನಗೂ ಒಂದು ಕೊಟ್ಟರು, ಹೆದರಿದ ಮಗುವಿಗೆ ಕೊಡುವಂತೆ.

ಮರುವಾರ ಸುಜಾತಾ ಮೇಡಮ್ ಫೋನು ಮಾಡಿದರು. ದೂರದ ಬಸ್ ಪ್ರಯಾಣದಲ್ಲಿ ಮನುಷ್ಯ ಎಷ್ಟು ಹೆದರುತ್ತಾನೆಂಬ ಸಂಶೋಧನೆಯೂ ಅವರಲ್ಲಿದೆಯಂತೆ. "ಎಲಿ ಏನೂ ತರೂದು ಬ್ಯಾಡ್ರಿ. ನೀವೊಬ್ಬರs ಬಂದ್ರ ಸಾಕು," ಎಂದರು.

ವಿಜ್ಞಾನಕ್ಕೆ ನಾನು ಬೇಕಾಗಿದ್ದೇನೆಂದು ಎದೆಯುಬ್ಬಿಸಿ ಗಿರಿಜಾಳಿಗೆ ಹೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಬರೇ ಹಂಗ ಕಳಸಿದ್ರ ನೀವು ತಡಸ ಮುಟ್ಟೂದ್ರಾಗs ಕೆಡತೀರಿ. ಹೋಗೂದಾದ್ರ ಒಳಗ ಬಾಳಿ ಎಲಿ ಹಾಸಿ, ಹೊರಗ ಗೋಣಿ ಬಿಗದು ಕಳಸ್ತೇನಿ, ನೋಡ್ರಿ."

ನಾನು ಹೂಂ ಎಂದೆ. ಒಳಗೆ ಗಾಳಿಯಾಡುತ್ತದೆ ತಾನೇ ಎಂದಷ್ಟೇ ಕೇಳಿ ಖಾತ್ರಿ ಮಾಡಿಕೊಂಡೆ!