ನನ್ನ ಉಸಿರನ್ನು ಒರೆಸಿಹಾಕಿದ ಸಾಫ್ಟ್‌ವೇರ್ ಮಹಾಶಯರಿಗೆ

ಮಾನ್ಯರೇ,

ನನ್ನ ಅಳಿಯನ ಸ್ಟುಡಿಯೋದ ಕಂಪ್ಯೂಟರಿನಲ್ಲಿ ನೆಲೆಸಿ, ಹಾಡುವವರ ದನಿಯ ಓರೆಕೋರೆಗಳನ್ನು ತಿದ್ದುವ ತಮಗೆ, ತಾವೇ ತಿದ್ದಿದ ಹಾಡುಗಾರನೊಬ್ಬನ ಸಾಷ್ಟಾಂಗ ವಂದನೆಗಳು. ಸಾಷ್ಟಾಂಗವೆಂದದ್ದು ಕಾಗದದ ಮಟ್ಟಿಗೆ. ಮಂಡಿನೋವಿನಿಂದಾಗಿ ನಿಂತೇ ಕೈಮುಗಿದಿದ್ದೇನೆ.

ಜನಪದ ಧಾಟಿಯಲ್ಲಿ ಹಾಡು ಕಟ್ಟಿ ಹಾಡುತ್ತಲೇ ತಲೆ ನರೆಸಿಕೊಂಡ ನನಗೆ, ಈ ವಯಸ್ಸಿನಲ್ಲಿ ಹೊಸದೊಂದು ಆಲ್ಬಮ್ಮು, ಅದೂ ಈಗಿನ ಕಾಲದ ಸದ್ದಿನಲ್ಲೇ ಬೇಕೆಂಬ ಚಪಲ ಹುಟ್ಟಿದ್ದು ಖಂಡಿತ ತಮ್ಮ ತಪ್ಪಲ್ಲ. 'ಮಾವ, ನಿಮ್ಮ ದನಿಗೆ ಇನ್ನೂ ವಯಸ್ಸೇ ಆಗಿಲ್ಲ' ಎಂದು ಅಳಿಯ ಅಂದದ್ದಕ್ಕೆ ಉಬ್ಬಿಹೋಗಿ, ಗೋಡೆಗೆಲ್ಲ ಸ್ಪಂಜು ಮೆತ್ತಿದ, ಬಚ್ಚಲಿಗಿಂತ ತುಸುವೇ ದೊಡ್ಡದಾದ ಅವನ ಕೋಣೆಯನ್ನು ಹೊಕ್ಕು, ಹೆಡ್‌ಫೋನ್ ಏರಿಸಿಕೊಂಡು, ಗಾಜಿನಲ್ಲಿ ನನ್ನನ್ನೇ ನೋಡಿ ಮೆಚ್ಚಿಕೊಂಡವನೂ ನಾನೇ.

ತಮ್ಮ ಕೆಲಸವನ್ನು ಎಷ್ಟು ಹೊಗಳಿದರೂ ಸಾಲದು. ಜೀವಮಾನವಿಡೀ ನನ್ನ ಕೈಗೆಟುಕದ ಮೇಲಿನ ಸ್ವರಕ್ಕೆ ತಾವು ನನ್ನನ್ನು ಒಂದೇ ಕ್ಲಿಕ್ಕಿಗೆ ಹತ್ತಿಸಿದಿರಿ. ತಾಳ ತಪ್ಪಿದಾಗಲೆಲ್ಲ ತಬಲದವನನ್ನು ದುರುಗುಟ್ಟಿ ನೋಡುತ್ತ, ಕುಣಿಯಲಾರದವಳು ನೆಲ ಡೊಂಕು ಅಂದಂತೆ ಕಾಲ ಕಳೆದ ನನಗೆ ತಾಳವನ್ನೂ ದಯಪಾಲಿಸಿದಿರಿ. ಒಂದು ಕಂಠವನ್ನು ನಾಲ್ಕು ಮಾಡಿ, ಹಿಮ್ಮೇಳಕ್ಕೂ ನನ್ನನ್ನೇ ನಿಲ್ಲಿಸಿದಿರಿ. ನಾನು ಅತಿ ಹೆಚ್ಚು ಮೆಚ್ಚುವ ಹಾಡುಗಾರ ನಾನೇ ಆದ್ದರಿಂದ ಈ ಏರ್ಪಾಡಿಗೆ ಆಕ್ಷೇಪಣೆ ಇರಲಿಲ್ಲ. ನಡುನಡುವೆ ನಾನು ಉಸಿರೆಳೆಯುವ ಸದ್ದು ಹಳೇ ಸೈಕಲ್ ಪಂಪಿನಂತಿದೆ ಎಂದು ಅಳಿಯ ಸಂಕೋಚದಿಂದಲೇ ಹೇಳಿ, ತಮ್ಮ ಕೈಯಲ್ಲಿ ಅದನ್ನೆಲ್ಲ ಒರೆಸಿಹಾಕಿಸಿದಾಗ, ಒಳ್ಳೆಯದಾಯಿತು ಎಂದೆ.

ದೂರು ಇಷ್ಟೇ. ನನಗೊಬ್ಬ ಅಕ್ಕ ಇದ್ದಾಳೆ. ನನ್ನ ಹಿಂದಿನ ಹಾಡುಗಳಲ್ಲೆಲ್ಲ ಎರಡನೇ ದನಿ ಅವಳದು. ಚಿಕ್ಕಂದಿನಲ್ಲಿ ಅವಳು ಪಾತ್ರೆ ತೊಳೆಯುತ್ತ, ನಾನು ಅವಳ ಬೆನ್ನ ಹಿಂದೆ ಕೂತು ಒರೆಸುತ್ತ ಹಾಡುತ್ತಿದ್ದೆವು; ಮುಖ ಕಾಣುತ್ತಿರಲಿಲ್ಲವಾದ್ದರಿಂದ, ನಾನು ಉಸಿರೆಳೆದದ್ದು ಕೇಳಿಸಿದ ಕೂಡಲೇ ಅವಳು ದನಿ ಸೇರಿಸುವುದು ರೂಢಿಯಾಗಿ, ಮುಂದೆ ವೇದಿಕೆಯ ಮೇಲೂ ಹಾಗೇ ನಡೆದುಬಂತು. ಈ ಸಲ ಮಾತ್ರ, ಹಿತ್ತಲ ಗಿಡ ಮದ್ದಲ್ಲವೆಂಬಂತೆ, ನಾನು ಅವಳನ್ನು ಕರೆಯಲಿಲ್ಲ. ಕರೆಯಲಿಲ್ಲವೆಂದು ಬಾಯಿಬಿಟ್ಟು ಹೇಳುವ ಧೈರ್ಯವೂ ಇಲ್ಲದೆ, ಹಾಡುಗಳನ್ನು ಫೋನಿನಲ್ಲಿ ತುಂಬಿಕೊಂಡು ಅವಳ ಮನೆಗೆ ಹೋದೆ.

ಫೋನಿನಲ್ಲಿ ಹಾಡು ಶುರುವಾದದ್ದೇ ತಡ, ಅಕ್ಕ ಒದ್ದೆ ಕೈ ಒರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ, ದನಿ ಸೇರಿಸಲು ಸಿದ್ಧಳಾಗಿ ಕೂತಳು. ಮೊದಲ ಚರಣ ಹೋಯಿತು, ಎರಡನೆಯದೂ ಹೋಯಿತು, ಅರೆತೆರೆದ ಬಾಯಲ್ಲಿ ಅವಳು ಕಾಯುತ್ತಲೇ ಇದ್ದಳು. ಮುಗಿದ ಮೇಲೆ ನನ್ನ ಕೈ ಹಿಡಿದುಕೊಂಡು, 'ಎಲ್ಲಿ ಸೇರ್ಕೋಬೇಕು ಅಂತಾನೇ ಗೊತ್ತಾಗ್ಲಿಲ್ಲ ಕಣೋ, ಎಲ್ಲೂ ಉಸಿರೇ ತಗೊಂಡಿಲ್ವಲ್ಲ ನೀನು. ಹುಷಾರಾಗಿದ್ದೀಯ ತಾನೇ?' ಎಂದಳು. ನಾಲ್ಕು ಕಂಠಗಳ ಒಡೆಯನಾದ ನಾನು ಫೋನನ್ನು ಮೆಲ್ಲಗೆ ಜೇಬಿಗಿಳಿಸಿದೆ. ನಾಚಿಕೆಯಾಯಿತು, ಮಾನ್ಯರೇ.

ಆದಕಾರಣ ತಾವು ನನ್ನ ಉಸಿರುಗಳನ್ನು ಯಾವ ಮೂಲೆಗೆ ಗುಡಿಸಿಟ್ಟಿದ್ದರೂ ಹುಡುಕಿ ತೆಗೆದು, ಧೂಳು ಕೊಡವಿ, ಅವವುಗಳ ಜಾಗದಲ್ಲಿ ಮರಳಿ ಇಡಬೇಕಾಗಿ ವಿನಂತಿ. ಬದಲಿಗೆ ಆ ಮೇಲಿನ ಸ್ವರವನ್ನು ಹಿಂದಕ್ಕೆ ಪಡೆಯಬಹುದು, ಅದು ಹೇಗೂ ನನ್ನದಲ್ಲ. ನನ್ನ ಮೂವರು ನಕಲುಗಳನ್ನು ಬೇರೆ ಕೆಲಸಕ್ಕೆ ಹಚ್ಚಬೇಕು. ಅವರಲ್ಲೊಬ್ಬ ನನ್ನ ಪರವಾಗಿ ಇದನ್ನೆಲ್ಲ ಅಳಿಯನಿಗೆ ಹೇಳಿಬಿಟ್ಟರೆ ದೊಡ್ಡ ಉಪಕಾರ, ಏಕೆಂದರೆ ಅಸಲಿಗೆ ಅಷ್ಟು ಧೈರ್ಯವಿಲ್ಲ.

ಇಷ್ಟೆಲ್ಲ ತಿದ್ದಿಸಿಕೊಂಡ ಮೇಲೂ ತಿದ್ದದೆ ಉಳಿದಿರುವ
ತಮ್ಮ ವಿಶ್ವಾಸಿ,
ಹಳೇ ಸೈಕಲ್ ಪಂಪು

ಮರೆತ ಮಾತು: ಆಲ್ಬಮ್ಮಿನ ಬಿಡುಗಡೆಯ ದಿನ ವೇದಿಕೆಯ ಮೇಲೆ ನನ್ನ ಪಕ್ಕದಲ್ಲಿ ಕೂತು ಹಾಡಲು ಅಕ್ಕ ಒಪ್ಪಿದ್ದಾಳೆ. ತಾವೂ ತಪ್ಪದೆ ದಯಮಾಡಿಸಬೇಕು. ನಡುವೆ ದನಿ ಸೇರಿಸಬೇಕೆನಿಸಿದರೆ ಅಕ್ಕ ಖಂಡಿತ ಜಾಗ ಬಿಟ್ಟುಕೊಡುತ್ತಾಳೆ; ತಾವು ಮೊದಲು ಒಮ್ಮೆ ಉಸಿರೆಳೆದುಕೊಂಡರೆ ಸಾಕು.